ಗ್ರೀಸ್ ಹಾಕಿದ ಭಾನುವಾರ

ನಾನು ಮಾಡಿದ ಆಲ್ಬಮ್ಮಿನಲ್ಲಿ ಹಾಡಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಕೇಳಿದವರೆಲ್ಲ ಐದು ನಿಮಿಷ ಕಾದು, ‘ಹಾಡು ಯಾವಾಗ ಶುರುವಾಗುತ್ತದೆ?’ ಎಂದೇ ಕೇಳಿದ್ದಾರೆ. ತಾಳವೂ ಇಲ್ಲ, ಡ್ರಮ್ಮೂ ಇಲ್ಲ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ತಂತಿಯನ್ನು ಪಿಟೀಲಿನ ಕಮಾನಿನಿಂದ ಉಜ್ಜಿ, ಬಂದ ನಾದವನ್ನು ಕಂಪ್ಯೂಟರಿಗೆ ಹಾಕಿ ಹೋಳಿಗೆ ಕಣಕದ ಹಾಗೆ ಎಳೆದೆಳೆದು ನಿಧಾನ ಮಾಡುತ್ತೇನೆ. ಅದರ ಕೆಳಗೆ ಹೊರಗಿನ ಸದ್ದೊಂದನ್ನು ಹಾಸುತ್ತೇನೆ. ಬಲ್ಲವರು ಇದಕ್ಕೆ ಎಲೆಕ್ಟ್ರೋಅಕೌಸ್ಟಿಕ್ ಆ್ಯಂಬಿಯೆಂಟ್ ಎಂದು ಉದ್ದದ ಹೆಸರಿಟ್ಟಿದ್ದಾರೆ. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವನು ಮಾತ್ರ ಒಂದು ಸಂಜೆ ಪೂರ್ತಿ ಕೇಳಿ, “ಇದು ಟ್ಯೂನಿಂಗ್ ಕಣಕ್ಕಾ, ಇನ್ನೂ ಪ್ರೋಗ್ರಾಮೇ ಶುರುವಾಗಿಲ್ಲ” ಅಂದ. ಅವನ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ.

ಮಾತು ಬಿಡುವುದು, ಮಾತು ಬಿಸಾಡುವುದು, ಎರಡರಲ್ಲೂ ನನ್ನದು ಎತ್ತಿದ ಕೈ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೂಟಗಲ್ಲಿನ ನಮ್ಮ ಮನೆಯಲ್ಲಿ ಇದನ್ನು ಅಜ್ಜಿಯ ಕಡೆಯಿಂದ ಬಂದದ್ದು ಎನ್ನುತ್ತಾರೆ. ಅಜ್ಜಿ ಪಾಪ, ಹೋಗಿ ಎಷ್ಟೋ ವರ್ಷವಾಯಿತು, ಎದುರು ಹೇಳಲಾರಳು.

ಹದಿನೈದು ವರ್ಷ ನಾನು ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿದೆ. ಕನಕಪುರ, ಮಾಗಡಿ, ದೊಡ್ಡಆಲಹಳ್ಳಿ, ಯಾವ ಊರಿನ ಛತ್ರದಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ ಎನ್ನುವುದು ನನಗೆ ಬಾಯಿಪಾಠ. ಜನ ಊಟದ ಪಂಕ್ತಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು, ನಾವು ಅವರ ಬೆನ್ನಿಗೆ ನುಡಿಸುತ್ತಿದ್ದೆವು. ಬೇಸರವೇನೂ ಇರಲಿಲ್ಲ. ಆದರೆ ನಲವತ್ತು ದಾಟಿದ ಮೇಲೆ, ಯಾರೂ ಕೇಳದಿದ್ದರೂ ಸರಿ, ನನ್ನದೇ ಅನ್ನುವಂಥ ಒಂದನ್ನು ಮಾಡಬೇಕು ಎನ್ನಿಸತೊಡಗಿತು. ಏನು ಮಾಡಬೇಕು ಅನ್ನುವುದು ಮಾತ್ರ ಹೊಳೆದಿರಲಿಲ್ಲ. ಅದು ಹೊಳೆದದ್ದು ಚನ್ನಪಟ್ಟಣದಲ್ಲಿ, ಗೊಂಬೆ ಕಡೆಯುವ ಒಂದು ಶೆಡ್ಡಿನಲ್ಲಿ.

ಗಿಟಾರಿನ ತಂತಿಯ ಮೇಲೆ ಜಾರಿಸಲು ಬೆರಳಿಗೆ ಒಂದು ಕೊಳವೆ ಹಾಕಿಕೊಳ್ಳುತ್ತಾರೆ. ನನ್ನದು ಗಾಜಿನದು, ಮಾಗಡಿಯ ಮದುವೆಯೊಂದರಲ್ಲಿ ಯಾರೋ ತುಳಿದು ಪುಡಿಯಾಯಿತು. ಮರದ್ದಾದರೆ ಒಡೆಯುವುದಿಲ್ಲವಲ್ಲ ಎಂದು ರಾಮನಗರದಿಂದ ರೈಲು ಹತ್ತಿ ಚನ್ನಪಟ್ಟಣಕ್ಕೆ ಹೋದೆ. ಅಲ್ಲಿನ ಹೈಸ್ಕೂಲಿನಲ್ಲಿ ಓದಿದವಳು ನಾನು, ಗಲ್ಲಿಗಳು ಗೊತ್ತು. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ಹಳೇ ರಸ್ತೆಯ ಗೊಂಬೆ ಅಂಗಡಿಗಳು ಒಂದಷ್ಟು ಮುಚ್ಚಿವೆ. ತೆರೆದಿದ್ದ ಒಂದು ಅಂಗಡಿಯವನು, “ಇಂಥಾ ಒಂಟಿ ಕೆಲ್ಸ ಎಲ್ಲಾ ಯಾರೂ ಮಾಡಲ್ಲ. ಆ ಗಲ್ಲಿ ಕೊನೇಲಿ ಒಬ್ರು ಚಾಚಾ ಅವ್ರೆ, ಅವ್ರು ಮಾಡ್ಬೋದು. ಎದುರಿಗೆ ನಿಂತ್ಕೊಂಡು ಮಾತಾಡಿ” ಎಂದು ಕೈ ತೋರಿಸಿದ.

ಎದುರಿಗೆ ನಿಲ್ಲಬೇಕೆಂದು ಯಾಕೆ ಹೇಳಿದ ಎನ್ನುವುದು ಆಮೇಲೆ ತಿಳಿಯಿತು. ಶೆಡ್ಡಿನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದರೂ ಚಾಚಾ ತಿರುಗಲಿಲ್ಲ. ಎಪ್ಪತ್ತರ ಆಸುಪಾಸಿನ ಸಣಕಲು ಮನುಷ್ಯ, ಗಡ್ಡದ ತುಂಬ ಮರದ ಹೊಟ್ಟು. ಪಕ್ಕದ ಕಿಟಕಿಯ ಬೆಳಕಿನಲ್ಲಿ ಅವರ ಹೆಂಡತಿ ಸಾಲು ಗೊಂಬೆಗಳಿಗೆ ಕಡ್ಡಿಯಿಂದ ಕಪ್ಪು ಕಣ್ಣು ಇಡುತ್ತಿದ್ದರು. ಅವರು ಎದ್ದು ಹೋಗಿ ಗಂಡನ ಭುಜ ತಟ್ಟಿದರು. ಚಾಚಾ ನನ್ನ ಬಾಯಿಯನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡರು. ಅಂದರೆ, ನೋಡಿಕೊಂಡರು.

“ಬೆರಳು ತತ್ತಾ ಬೇಟಿ” ಎಂದು ದೊಡ್ಡ ದನಿಯಲ್ಲಿ ಅಂದು, ನನ್ನ ಕಿರುಬೆರಳಿಗೆ ನೂಲು ಸುತ್ತಿ ಅಳತೆ ತೆಗೆದರು. ಹಾಲೆ ಮರದ ತುಂಡೊಂದನ್ನು, ಮರ ತಿರುಗಿಸಿ ಕಡೆಯುವ ಲೇತಿಗೆ ಸಿಕ್ಕಿಸಿ ಮೋಟಾರಿನ ಸ್ವಿಚ್ ಒತ್ತಿದರು.

ಆಗ ಆ ಸದ್ದು ಬಂತು. ಲೇತಿನ ಎಡಗಡೆಯ ಬೇರಿಂಗಿನಿಂದ ಸಣ್ಣಗೆ, ಎಳೆಯಾಗಿ, ಬಿಟ್ಟೂಬಿಡದೆ ಒಂದು ಕೀರಲು. ಮೇಲಕ್ಕೆ ಏರಿ, ತುಸು ತಗ್ಗಿ, ಮತ್ತೆ ಏರುತ್ತಿತ್ತು. ಅದರ ಅಡಿಯಲ್ಲಿ ಬೆಲ್ಟಿನ ಗಂಟು ರಾಟೆಯನ್ನು ದಾಟುವಾಗ ಟಕ್, ಟಕ್. ಉಳಿ ಮರಕ್ಕೆ ತಾಗಿದಾಗ ಆ ಕೀರಲು ಅರ್ಧ ಸ್ವರ ಕೆಳಗೆ ಇಳಿಯುತ್ತಿತ್ತು, ಉಳಿ ತೆಗೆದರೆ ಮತ್ತೆ ತನ್ನ ಜಾಗಕ್ಕೆ ಹೋಗುತ್ತಿತ್ತು. ಬೇರೆಯವರಿಗೆ ಹಲ್ಲು ಜುಮ್ಮೆನ್ನುವ ಶಬ್ದ. ನನಗೆ ಮೈ ಜುಮ್ಮೆಂದಿತು. ಇದಕ್ಕೆ ಗಿಟಾರ್ ಶ್ರುತಿ ಮಾಡಿದರೆ ಹೇಗಿರುತ್ತದೆ ಎಂದುಕೊಂಡೆ. ಅವರು ಹಸಿರು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ, ಅದು ಕರಗಿ ಹತ್ತಿಕೊಂಡ ಮೇಲೆ ತಾಳೆಗರಿಯಿಂದ ಹೊಳಪು ಕೊಡುವಷ್ಟು ಹೊತ್ತೂ ನಾನು ಆ ಬೇರಿಂಗನ್ನೇ ನೋಡುತ್ತ ನಿಂತೆ. ಮುಖ ಕಿವುಚಿಕೊಂಡು, ಕತ್ತು ವಾಲಿಸಿಕೊಂಡು. ನಾನು ಗಮನ ಕೊಟ್ಟು ಕೇಳುವಾಗ ನನ್ನ ಮುಖ ಹಾಗೇ ಆಗುತ್ತದೆ. ಫೋನು ತೆಗೆದು ಒಂದಿಷ್ಟು ರೆಕಾರ್ಡ್ ಮಾಡಿಕೊಂಡೆ.

ಚಾಚಾ ಹೊಟ್ಟು ಚೆಲ್ಲಲು ಹಿತ್ತಲಿಗೆ ಹೋದಾಗ ನಾನು ಚಾಚಿಯನ್ನು ಕೇಳಿದೆ, ಈ ಕೀರಲನ್ನು ದಿನವೆಲ್ಲ ಹೇಗೆ ತಡೆದುಕೊಳ್ಳುತ್ತೀರಿ ಎಂದು.

“ಮೂರ್ ವರ್ಷ ಆಯ್ತು ಕಣಮ್ಮ ಅದು ಕೂಗೋಕೆ ಹಿಡ್ದು” ಅಂದರು ಚಾಚಿ. “ಅವ್ರ್ ಕಿವಿ ಹೋಗಿ ಅದ್ಕಿಂತ ಜಾಸ್ತಿ ವರ್ಷ ಆಯ್ತು. ಮಿಷಿನ್ ಕೂಗ್ತಾ ಐತೆ ಅಂತ ನಾನ್ ಹೇಳಿದ್ರೆ, ಅಯ್ಯೋ ಇದೂ ನಂಗೆ ಕೇಳ್ತಿಲ್ವಲ್ಲ ಅಂತ ಒಳಗೊಳಗೇ ಕೊರಗ್ತಾರೆ. ಕೂಗ್ಲಿ ಬುಡು ಅಂತ ಸುಮ್ಕಿದ್ದೀನಿ.”

ಕಿವಿಗೆ ಹಾಕುವ ಯಂತ್ರ ತಂದಿದ್ದರಂತೆ. ಅದನ್ನು ಹಾಕಿಕೊಂಡರೆ ಮೋಟಾರಿನ ಗುಡುಗೇ ಹೆಚ್ಚಾಗಿ ಕೇಳುತ್ತದೆ ಎಂದು ಚಾಚಾ ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದರು. ಅವರಿಗೆ ಬೇರೊಂದು ದಾರಿ ಇತ್ತು, ಅದನ್ನೂ ಅವತ್ತೇ ನೋಡಿದೆ. ಲೇತು ಸರಿಯಾಗಿ ತಿರುಗುತ್ತಿದೆಯೋ ಇಲ್ಲವೋ ತಿಳಿಯಲು ಉಳಿಯ ತುದಿಯನ್ನು ಯಂತ್ರಕ್ಕೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಗ್ಯಾರೇಜಿನವರು ಸ್ಕ್ರೂಡ್ರೈವರಿನಲ್ಲಿ ಮಾಡುವ ಹಾಗೆಯೇ. ಸದ್ದು ಗಾಳಿಯಲ್ಲಿ ಬಾರದಿದ್ದರೆ ಬೇಡ, ಮರದಲ್ಲಿ ಬರಲಿ ಅನ್ನುವ ಲೆಕ್ಕ. ಸಣ್ಣ ಕೀರಲು ಅದರಲ್ಲೂ ಅವರಿಗೆ ಎಟುಕುತ್ತಿರಲಿಲ್ಲ, ಗಡುಸಾದ ಗೊರಗೊರ ಮಾತ್ರ ತಿಳಿಯುತ್ತಿತ್ತು.

ಮುಂದಿನ ಐದಾರು ತಿಂಗಳು ನಾನು ಆ ಫೋನ್ ರೆಕಾರ್ಡಿಂಗಿನ ಜೊತೆ ಸಂಸಾರ ಮಾಡಿದೆ ಎನ್ನಬೇಕು. ಗಿಟಾರಿನ ಆರೂ ತಂತಿಗಳನ್ನು ಆ ಕೀರಲಿಗೆ ಹೊಂದಿಸಿದೆ. ಚಾಚಾ ಕಡೆದುಕೊಟ್ಟ ಹಸಿರು ಕೊಳವೆ ತಂತಿಯ ಮೇಲೆ ಗಾಜಿಗಿಂತ ಮೆತ್ತಗೆ ಜಾರುತ್ತಿತ್ತು. ಕೀರಲನ್ನು ಎಂಟು ಪಟ್ಟು ನಿಧಾನ ಮಾಡಿದರೆ ಅದು ಕೆಳಗಿಳಿದು, ದೂರದಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದಂತೆ ಕೇಳುತ್ತಿತ್ತು. ಇಂಥವನ್ನೇ ಕ್ಯಾಸೆಟ್ಟಿನಲ್ಲಿ ಹೊರತರುವ ಒಬ್ಬರು ಬೆಂಗಳೂರಿನಲ್ಲಿದ್ದರು. ಮಾದರಿ ಕಳಿಸಿದೆ. ಅವರು ಫೋನ್ ಮಾಡಿ, ಬಹಳ ಇಷ್ಟವಾಯಿತು, ಆದರೆ ಆ ಯಂತ್ರದ ರೆಕಾರ್ಡಿಂಗ್ ಕಳಪೆಯಾಗಿದೆ, ನಡುವೆ ಸ್ಕೂಟರ್ ಹಾರ್ನು ಬೇರೆ, ಸರಿಯಾದ ಮೈಕಿನಲ್ಲಿ ಮತ್ತೊಮ್ಮೆ ಮಾಡಿ ಕಳಿಸಿದರೆ ಆಲ್ಬಮ್ ತರೋಣ ಎಂದರು. ಫೋನಿಟ್ಟು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಸುಳ್ಳೇಕೆ ಹೇಳಲಿ, ನನ್ನ ಜೀವನದಲ್ಲಿ ಅಷ್ಟು ಸಂತೋಷ ಆಗಿದ್ದು ಕಡಿಮೆ.

ಚನ್ನಪಟ್ಟಣಕ್ಕೆ ಹೋಗಿ ಚಾಚಾಗೆ ಹೇಳಿದೆ, “ನಿಮ್ಮ ಮಿಷಿನ್ ಸದ್ದು ರೆಕಾರ್ಡ್ ಮಾಡ್ಕೋತೀನಿ ಚಾಚಾ. ಅದು ಕ್ಯಾಸೆಟ್ಟಲ್ಲಿ ಬರುತ್ತೆ.”

ಅವರು ನನ್ನ ತುಟಿಯಿಂದ ಅದನ್ನು ಓದಿಕೊಂಡು, ನಂಬಲಾರದೆ ಹೆಂಡತಿಯ ಮುಖ ನೋಡಿದರು. ಚಾಚಿ ಅದನ್ನೇ ಬಾಯಿ ಅಗಲಿಸಿ ಮತ್ತೊಮ್ಮೆ ಹೇಳಿದರು.

“ನನ್ ಮಿಷಿನ್ದಾ? ಕ್ಯಾಸೆಟ್ಟಲ್ಲಾ?” ಎಂದು ಚಾಚಾ ನಕ್ಕರು. “ಬಾ ಬೇಟಿ, ಭಾನುವಾರ ಬಾ. ಬೇರೆ ಮಿಷಿನ್‌ಗಳೆಲ್ಲ ಬಂದಾಗಿರ್ತವೆ, ಗಲಾಟೆ ಇರಕಿಲ್ಲ. ಆಮೇಕೆ ನಂಗೂ ಕೇಳ್ಸಬೇಕು ನೀನು.”

ಕೇಳಿಸುತ್ತೇನೆ ಎಂದು ಮಾತು ಕೊಟ್ಟೆ. ಕೊಡುವಾಗ ಯೋಚಿಸಲಿಲ್ಲ.

ಭಾನುವಾರ ಬೆಳಿಗ್ಗೆ ಮೈಕು, ಸ್ಟ್ಯಾಂಡು, ವೈರುಗಳ ಗಂಟು ಹೊತ್ತು ಹೋದೆ. ಗಲ್ಲಿಯ ತುದಿಯಲ್ಲೇ ಏನೋ ಬದಲಾಗಿದೆ ಎನಿಸಿತು. ಶೆಡ್ಡಿನ ಮುಂದೆ ನೀರು ಹಾಕಿ ಗುಡಿಸಿದ್ದರು. ಒಳಗೆ ಹೊಟ್ಟಿನ ಒಂದು ಚೂರೂ ಇಲ್ಲ. ಚಾಚಾ ಇಸ್ತ್ರಿ ಮಾಡಿದ ಬಿಳೀ ಜುಬ್ಬಾ ಹಾಕಿದ್ದರು. ಚಾಚಿ ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದರು. ಸ್ಟೂಲಿನ ಮೇಲೆ ತಟ್ಟೆಯಲ್ಲಿ ಬಿಸ್ಕತ್ತು. ಮನೆಗೆ ಹೆಣ್ಣು ನೋಡಲು ಬಂದವರಿಗೂ ಅಷ್ಟು ಸಂಭ್ರಮ ಇರುವುದಿಲ್ಲ. ನಾನು ನಗುತ್ತಲೇ ಲೇತಿನ ಮೈಗೆ ಒಂದು ಬಿಲ್ಲೆಯಂಥ ಮೈಕನ್ನು ಅಂಟಿಸಿದೆ. ಅದು ಗಾಳಿಯ ಸದ್ದು ಹಿಡಿಯುವುದಿಲ್ಲ, ಅಂಟಿದ ವಸ್ತುವಿನ ನಡುಕವನ್ನು ಮಾತ್ರ ಹಿಡಿಯುತ್ತದೆ. ಸುತ್ತಲಿನ ಸದ್ದಿಗೆ ಇನ್ನೊಂದು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ರೆಕಾರ್ಡರ್ ಒತ್ತಿ, ಕೈಯೆತ್ತಿ ಸನ್ನೆ ಮಾಡಿದೆ.

ಚಾಚಾ ಸ್ವಿಚ್ ಹಾಕಿದರು. ಲೇತು ತಿರುಗಿತು. ಬೆಲ್ಟಿನ ಗಂಟು ಟಕ್, ಟಕ್ ಎಂದಿತು.

ಕೀರಲು ಇಲ್ಲ.

ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಇಲ್ಲ. ಉಳಿ ಹಚ್ಚಲು ಸನ್ನೆ ಮಾಡಿದೆ. ಮರ ಕಡೆಯುವ ಮೆದು ಸದ್ದು ಬಂತು, ಅಷ್ಟೇ. ಬೇರಿಂಗಿನ ಕಡೆ ಬೆರಳು ತೋರಿಸಿದೆ. ಚಾಚಾ ಅದಕ್ಕೇ ಕಾದಿದ್ದವರಂತೆ ಎದೆಯುಬ್ಬಿಸಿ ಹೇಳಿದರು.

“ನೀನ್ ಅವತ್ತು ಅದ್ನೇ ನೋಡ್ತಿದ್ದೆ, ಮುಖ ಹಿಂಡ್ಕೊಂಡು. ಏನೋ ಐತೆ ಅಂತ ಉಳಿ ಇಟ್ಟು ನೋಡ್ದೆ. ಒಳ್ಗೆ ಮರಳು ಅಗಿದಂಗೆ ಗೊರಗೊರ ಅಂತಿತ್ತು. ನೆನ್ನೆ ಎಲ್ಲಾ ಬಿಚ್ಚಿ, ಸೀಮೆಣ್ಣೇಲಿ ತೊಳ್ದು, ತುಕ್ಕು ಉಜ್ಜಿ, ಹೊಸಾ ಗ್ರೀಸ್ ತುಂಬ್ಬುಟ್ಟೆ. ಕ್ಯಾಸೆಟ್ಟಲ್ಲಿ ಬರೋ ಮಿಷಿನ್ನು, ಕೊಳಕಾಗಿರ್ಬೋದಾ?”

ಚಾಚಿಯೂ ಹೆಮ್ಮೆಯಿಂದ, “ಎಷ್ಟ್ ಸೈಲೆಂಟ್ ಆಗೈತೆ ನೋಡಮ್ಮ” ಅಂದರು.

ಈಗ ಬರೆಯುವಾಗ ನಗು ಬರುತ್ತದೆ. ಮನೆಗೆ ಯಾರಾದರೂ ಬರುತ್ತಾರೆಂದರೆ ಅಂಗಳ ಗುಡಿಸುವ ಜನ ಅವರು. ನನಗೋಸ್ಕರ, ಒಂದು ಇಡೀ ದಿನ, ಎಪ್ಪತ್ತರ ಕೈಯಲ್ಲಿ ಸ್ಪ್ಯಾನರ್ ಹಿಡಿದಿದ್ದಾರೆ. ಅದನ್ನು ನೋಡುವ ಕಣ್ಣು ಆ ಹೊತ್ತಿಗೆ ನನಗೆ ಇರಲಿಲ್ಲ. ಆರು ತಿಂಗಳು ಶ್ರುತಿ ಮಾಡಿದ್ದು, ಕ್ಯಾಸೆಟ್ಟಿನವರು ಒಪ್ಪಿದ್ದು, ಎಲ್ಲ ಒಂದು ಡಬ್ಬಿ ಗ್ರೀಸಿನಲ್ಲಿ ಮುಳುಗಿತು ಎಂದು ತಲೆ ಧಿಮ್ಮೆಂದಿತು. ಹೆಡ್‌ಫೋನ್ ಕಿತ್ತು ಬಿಸಾಡಿದೆ. ನನ್ನ ಮುಖ ನೋಡಿ ಗಾಬರಿಯಾಗಿ ಚಾಚಾ ಮೋಟಾರ್ ಆಫ್ ಮಾಡಿದರು. ಲೇತು ನಿಧಾನವಾಗುತ್ತ, ಇನ್ನೂ ನಿಧಾನವಾಗುತ್ತ ನಿಂತಿತು. ಆ ನಿಶ್ಶಬ್ದದಲ್ಲಿ ನಾನು ಕಿರುಚಿದೆ.

“ಯಾರ್ ಹೇಳಿದ್ರು ನಿಮಗೆ ಮುಟ್ಟೋಕೆ? ಎಲ್ಲಾ ಹಾಳ್ ಮಾಡ್ಬುಟ್ರಿ! ಈ ಕಿವುಡ್ ಮುದುಕಂಗೆ ಏನ್ ಗೊತ್ತಾಗ್ತದೆ!”

ಕೊನೆಯ ಮಾತನ್ನು ಚಾಚಿಯ ಕಡೆ ತಿರುಗಿ ಅಂದೆನೋ, ಚಾಚಾನ ಕಡೆಯೋ, ನನಗೆ ನೆನಪಿರಲಿಲ್ಲ. ಚಾಚಿಯ ಮುಖ ಸಪ್ಪಗಾದದ್ದು ನೆನಪಿದೆ. ಚಾಚಾ ಮಾತ್ರ ಮೊದಲಿನಂತೆಯೇ ನಿಂತಿದ್ದರು. “ಟೀ ಕುಡಿ ಬೇಟಿ, ಒಸಿ ಕೂತ್ಕೊ” ಅಂದರು. ನಾನು ಕುಡಿಯಲಿಲ್ಲ. ವೈರುಗಳನ್ನು ಸುತ್ತಿದ್ದೂ ಅಲ್ಲ, ಬಾಚಿ ಚೀಲಕ್ಕೆ ತುರುಕಿಕೊಂಡು ಹೊರಟುಬಿಟ್ಟೆ.

ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಎಷ್ಟು ಹಾಳಾಗಿದೆಯೋ ನೋಡೋಣ ಎಂದು ರೆಕಾರ್ಡರ್ ಹಚ್ಚಿದೆ. ಮೋಟಾರ್ ನಿಂತದ್ದು ಕೇಳಿತು. ನನ್ನ ಕಿರುಚಾಟ ಕೇಳಿತು. ತನ್ನ ದನಿಯನ್ನು ತಾನೇ ಹಾಗೆ ಕೇಳುವ ಶಿಕ್ಷೆ ಯಾರಿಗೂ ಬೇಡ. ಆಫ್ ಮಾಡಲು ಮರೆತಿದ್ದರಿಂದ ಅದು ಮುಂದೆಯೂ ಓಡಿತ್ತು. ನಾನು ಬಾಗಿಲ ಬಳಿ ವೈರು ಬಾಚುತ್ತಿದ್ದ ಗಲಾಟೆಯ ಹಿಂದೆ, ಚಾಚಾ ಹೆಂಡತಿಯನ್ನು ಉರ್ದುವಿನಲ್ಲಿ ಕೇಳುತ್ತಿದ್ದರು. ಆ ಊರಿನಲ್ಲಿ ಓದಿದ ನನಗೆ ಅಷ್ಟು ಉರ್ದು ಬರುತ್ತದೆ. “ಏನಂದ್ಲು ಹುಡುಗಿ?” ಎಂದು ಕೇಳುತ್ತಿದ್ದರು. ಚಾಚಿ ಹೇಳಿದರು, “ಚೆನ್ನಾಗಿದೆ ಅಂದ್ಲು.”

ನಾನು ಹೆಡ್‌ಫೋನ್ ತೆಗೆದೆ. ಹೊರಗೆ ಹಿಪ್ಪುನೇರಳೆ ತೋಟಗಳು ಹಿಂದೆ ಹೋಗುತ್ತಿದ್ದವು. ನಾಚಿಕೆಯಲ್ಲಿ ಊರು ದಾಟಿದ್ದೂ ತಿಳಿಯಲಿಲ್ಲ. ರಾಮನಗರದಲ್ಲಿ ಇಳಿಯಬೇಕಿದ್ದವಳು ಬಿಡದಿಯವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ವಾಪಸು ಬಂದೆ.

ಮರುದಿನವೇ ಹೋಗಿ ಕ್ಷಮೆ ಕೇಳಬೇಕಿತ್ತು. ಹೋಗಲಿಲ್ಲ. ಕೇಳುವುದೆಂದರೆ ಆ ಮಾತನ್ನು ಮತ್ತೆ ಆಡಬೇಕು. ಚಾಚಿ ಅಷ್ಟು ಕಷ್ಟಪಟ್ಟು ಮುಚ್ಚಿದ್ದನ್ನು ನಾನೇ ತೆರೆದಂತಾಗುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಜ, ಅರ್ಧ ಹೇಡಿತನ.

ಆ ಭಾನುವಾರದ ರೆಕಾರ್ಡಿಂಗನ್ನು ಒಂದು ತಿಂಗಳು ಮುಟ್ಟಲಿಲ್ಲ. ಕೊನೆಗೊಂದು ಮಧ್ಯಾಹ್ನ ಬಿಲ್ಲೆ ಮೈಕಿನದ್ದನ್ನು ಮಾತ್ರ ತೆಗೆದು ಕೇಳಿದೆ. ಕೀರಲಿಲ್ಲದ ಲೇತಿನ ಹೊಟ್ಟೆಯೊಳಗೆ ಒಂದು ಗುಂಯ್ ಎನ್ನುವ ನಾದವಿತ್ತು, ಆಳವಾಗಿ, ಅಲುಗದೆ. ಕೀರಲಿನ ಗಲಾಟೆಯಲ್ಲಿ ಅದು ನನಗೆ ಕೇಳಿಯೇ ಇರಲಿಲ್ಲ. ಗಿಟಾರಿನ ಶ್ರುತಿ ಪೂರ್ತಿ ಇಳಿಸಿ ಅದರ ಜೊತೆ ಕೂತೆ. ಕ್ಯಾಸೆಟ್ಟಿನ ಮೊದಲ ಬದಿಗೆ ಫೋನಿನ ಕಳಪೆ ಕೀರಲನ್ನೇ ನಿಧಾನ ಮಾಡಿ ಇಟ್ಟೆ, ಸ್ಕೂಟರ್ ಹಾರ್ನನ್ನೂ ಬಿಟ್ಟುಕೊಂಡೆ. ಎರಡನೆಯ ಬದಿಗೆ ಗ್ರೀಸ್ ಹಾಕಿದ ಲೇತು. ಅದು ನಿಧಾನವಾಗಿ ನಿಲ್ಲುವಲ್ಲಿಗೆ ಆಲ್ಬಮ್ ಮುಗಿಯುತ್ತದೆ. ಆಮೇಲಿನ ನನ್ನ ಕೂಗನ್ನು ಕತ್ತರಿಸಿ, ಬರೀ ಮೌನ ಇಟ್ಟೆ. ಬೆಂಗಳೂರಿನವರು ಎರಡನೆಯ ಬದಿಯೇ ಚೆಂದ ಎಂದರು. ಕ್ಯಾಸೆಟ್ ಬಂತು. ಕೊಂಡವರು ಬೆರಳೆಣಿಕೆಯ ಮಂದಿ, ಇಂಟರ್ನೆಟ್ಟಿನಲ್ಲಿ ಕೇಳಿದವರು ಇನ್ನೊಂದಿಷ್ಟು.

ಅದಾಗಿ ಕೆಲವು ವಾರಕ್ಕೆ ಚಾಚಿಯ ಫೋನ್ ಬಂತು. ನಂಬರ್ ನೋಡಿ, ಎತ್ತಲೋ ಬೇಡವೋ ಎಂದುಕೊಳ್ಳುತ್ತಲೇ ಎತ್ತಿದೆ.

“ಅದೇನೋ ಕ್ಯಾಸೆಟ್ ಅಂದಿದ್ಯಲ್ಲಮ್ಮ, ಆಯ್ತಾ? ಅವ್ರು ದಿನಾ ಕೇಳ್ತವ್ರೆ, ಬಂತಾ, ಬಂತಾ ಅಂತ. ಕೇಳ್ಸ್ತೀನಿ ಅಂದಿದ್ದೆಯಂತೆ.” ಆಮೇಲೆ ದನಿ ತಗ್ಗಿಸಿ ಅಂದರು, “ಅವತ್ತಿಂದು ಅವ್ರಿಗೆ ಏನೂ ಗೊತ್ತಿಲ್ಲ. ನೀನ್ ಧೈರ್ಯವಾಗಿ ಬಾ.”

ಬರುತ್ತೇನೆ ಎಂದೆ. ಹೇಗೆ ಕೇಳಿಸುವುದು ಎಂದು ತಲೆ ಕೆಡಿಸಿಕೊಂಡೆ. ಅವರ ಯಂತ್ರದಿಂದ ಮಾಡಿದ ಆಲ್ಬಮ್ಮು ಲೋಕದಲ್ಲಿ ಒಬ್ಬರಿಗೆ ಮಾತ್ರ ಕೇಳಿಸಲೇಬೇಕಿತ್ತು, ಅವರಿಗೇ ಕೇಳುವುದಿಲ್ಲ. ಸ್ಪೀಕರಿನಲ್ಲಿ ಹಾಕಿ, ಅವರು ತಲೆಯಾಡಿಸಿ, ನಾನು ಕೇಳಿಸಿತೆಂದು ನಂಬಿದಂತೆ ನಟಿಸಿ ಬಂದರೆ, ಅವತ್ತು ಆಡಿದ ಮಾತಿಗಿಂತ ಅದೇ ದೊಡ್ಡ ಅವಮಾನ. ಆಗ ಉಳಿ ನೆನಪಾಯಿತು. ಸದ್ದನ್ನು ಗಾಳಿಗೆ ಬಿಡದೆ ನೇರ ಮರಕ್ಕೆ ದಾಟಿಸುವ ಸಣ್ಣ ಸ್ಪೀಕರೊಂದು ನನ್ನ ಬಳಿ ಇತ್ತು. ಅದನ್ನು ಗಿಟಾರಿನ ಬೆನ್ನಿಗೆ ಅಂಟಿಸಿದರೆ ಗಿಟಾರಿನ ಮೈಯೆಲ್ಲ ನಡುಗಿ ನುಡಿಯುತ್ತದೆ.

ಚಾಚಾ ನನ್ನನ್ನು ಕಂಡವರೇ, “ಸೊರಗಿದ್ದೀಯಲ್ಲ” ಅಂದರು. ಗಿಟಾರನ್ನು ಅವರ ಮುಂದಿನ ಮರದ ದಿಮ್ಮಿಯ ಮೇಲೆ ಮಲಗಿಸಿ, ಉಳಿಯ ಕಡೆ ಕೈ ತೋರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಉಳಿ ಎತ್ತಿಕೊಂಡವರು ತಡೆದು, ಗಿಟಾರಿನ ಹೊಳಪಿನ ಮೇಲೆ ಹೆಬ್ಬೆರಳು ಆಡಿಸಿದರು.

“ಗೀರು ಬೀಳ್ತದೆ ಬೇಟಿ.”

ಆ ಗಿಟಾರನ್ನು ಯಾರಾದರೂ ಮುಟ್ಟಿದರೂ ಸಿಡುಕುವವಳು ನಾನು. ಬೀಳಲಿ ಎಂದು ತಲೆಯಾಡಿಸಿದೆ. ಅವರು ತುದಿಯನ್ನು ಮೆಲ್ಲಗೆ ಮರದ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚಿದರು. ಆಲ್ಬಮ್ ಹಚ್ಚಿದೆ.

ಮೊದಲು ಅವರ ಹುಬ್ಬು ಗಂಟಿಕ್ಕಿತು. ಆಮೇಲೆ ಎಡಗೈಯ ಬೆರಳು ತೊಡೆಯ ಮೇಲೆ ಬಡಿಯತೊಡಗಿತು, ನಿಧಾನವಾಗಿ. ಟಕ್. ಟಕ್. “ಬೆಲ್ಟಿನ ಗಂಟು!” ಎಂದು ಕೂಗಿದರು. “ನಂದೇ ಮಿಷಿನ್ನು!” ಮತ್ತೆ ಕಿವಿಗೊಟ್ಟರು. “ಇದ್ಯಾವ್ದು, ಯಾರೋ ಗುನುಗ್ತಾರಲ್ಲ?”

ನಾನು ಬೇರಿಂಗ್ ಕಡೆ ಬೆರಳು ಮಾಡಿದೆ. ಕೀರಲು ಅವರಿಗೆ ಎಂದೂ ಕೇಳಿರಲಿಲ್ಲ. ಎಂಟು ಪಟ್ಟು ನಿಧಾನ ಮಾಡಿದ್ದರಿಂದ ಕೆಳಗಿಳಿದು, ಅವರಿಗೆ ಉಳಿದಿದ್ದ ಕೇಳುವಿಕೆಗೆ ಎಟುಕಿತ್ತು. ಅವರು ಬೆಪ್ಪಾಗಿ ಬೇರಿಂಗನ್ನೂ ಹೆಂಡತಿಯನ್ನೂ ನೋಡಿದರು.

“ಇದು ಹಿಂಗ್ ಕೂಗ್ತಿತ್ತಾ? ನೀನು ಒಂದ್ ಮಾತೂ ಹೇಳ್ಲಿಲ್ಲ?”

“ನಂಗೆಲ್ಲಿ ಕೇಳ್ತಿತ್ತು, ನಂಗೂ ವಯಸ್ಸಾಯ್ತು” ಎಂದು ಚಾಚಿ ಬಾಯಿ ಅಗಲಿಸಿ ಸುಳ್ಳು ಹೇಳಿ, ಟೀ ಇಡುತ್ತೇನೆಂದು ಒಳಗೆ ಹೋದರು.

ಎರಡನೆಯ ಬದಿ ಶುರುವಾದಾಗ ಅವರು ಕಣ್ಣು ತೆರೆಯದೆಯೇ, “ಇಲ್ಲಿ ಗ್ರೀಸ್ ಹಾಕೈತೆ” ಅಂದರು. ಇಪ್ಪತ್ತು ನಿಮಿಷ ಆ ಮನುಷ್ಯ ಅಲುಗಲಿಲ್ಲ. ಹಾಡು ಯಾವಾಗ ಶುರುವಾಗುತ್ತದೆ ಎಂದು ಕೇಳದೆ ನನ್ನ ಆಲ್ಬಮ್ಮನ್ನು ಪೂರ್ತಿ ಕೇಳಿದ ಮೊದಲಿಗರು ಅವರು. ಲೇತು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಮೌನ ಬಂತು. ಅವರು ಉಳಿಯನ್ನು ತೆಗೆಯಲಿಲ್ಲ. ಏನಕ್ಕೋ ಕಾಯುತ್ತಿದ್ದರು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು.

“ಮಿಷಿನ್ ನಿಂತ ಮೇಕೆ ನಿನ್ ಮಾತು ಇತ್ತಲ್ಲ. ತೆಗೆದ್ಬುಟ್ಟಾ?”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಏನು ಹೇಳಿದೆನೋ ನೆನಪಿಲ್ಲ, ತಪ್ಪಾಯಿತು ಎಂದು ಎರಡು ಮೂರು ಸಲ ಅಂದಿರಬೇಕು. ಅವರು ಬೇಡ ಎಂದು ಕೈಯೆತ್ತಿದರು. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಎರಡು ಬೆರಳನ್ನು ತಮ್ಮ ಗಂಟಲಿಗೆ ಇಟ್ಟುಕೊಂಡರು. ದನಿ ಎಷ್ಟು ಜೋರಾಗಿದೆ ಎಂದು ಅವರಿಗೆ ತಿಳಿಯುವುದು ಹಾಗೇ. ಅವರು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಆ ಮಾತು ಬಾಯ್ ಮೇಲೆ ಹೆಂಗ್ ಬತ್ತದೆ ಅಂತ ನಂಗೆ ಚೆನ್ನಾಗ್ ಗೊತ್ತು. ಬಸ್ಸಲ್ಲಿ, ಅಂಗ್ಡೀಲಿ, ದಿನಾ ನೋಡೋ ಮಾತು ಅದು. ನೀನು ಅಂದಿದ್ದು ಒಸಿ ನೋವಾಯ್ತು, ಇಲ್ಲ ಅನ್ನಕಿಲ್ಲ. ಆದ್ರೆ ಅವ್ಳು ಪಾಪ, ನಂಗೆ ಗೊತ್ತಾಗಿಲ್ಲ ಅಂದ್ಕೊಂಡವ್ಳೆ. ಅದಕ್ಕೇ ಅವತ್ತು ಏನಂದ್ಲು ಅಂತ ಅವ್ಳನ್ನೇ ಕೇಳ್ದೆ. ಇಲ್ದಿದ್ರೆ ನನ್ಗಿಂತ ಅವ್ಳೇ ಜಾಸ್ತಿ ನೊಂದ್ಕೋತಾಳೆ. ನೀನೂ ಹೇಳ್ಬೇಡ.”

ಒಳಗಿನಿಂದ ಲೋಟಗಳ ಸದ್ದು ಬಂತು. ನನಗೆ ಕೇಳಿದ ಆ ಸದ್ದು ಅವರಿಗೆ ಕೇಳದು, ಆದರೂ ನನ್ನ ಮುಖ ನೋಡಿಯೇ ತಿಳಿದುಕೊಂಡು, ಗಂಟಲಿನಿಂದ ಬೆರಳು ತೆಗೆದು ಉಳಿಯನ್ನು ಮತ್ತೆ ಕಿವಿಯ ಹಿಂದಕ್ಕೆ ಒತ್ತಿದರು. “ಇನ್ನೊಂದ್ ಸಲ ಹಾಕು” ಎಂದು ಎಂದಿನ ದೊಡ್ಡ ದನಿಯಲ್ಲಿ ಅಂದರು. ಗಿಟಾರಿನ ಮೇಲೆ ಸಣ್ಣಗೆ ಗೀರು ಬಿದ್ದಿತ್ತು. ಅದು ಇವತ್ತಿಗೂ ಇದೆ, ಪಾಲಿಶ್ ಮಾಡಿಸಿಲ್ಲ.

ಚಾಚಿ ಟೀ ತಂದು ನನ್ನ ಮುಂದೆ ಹಿಡಿದರು. ಕಣ್ಣು ಮುಚ್ಚಿ ಕೂತಿದ್ದ ಗಂಡನನ್ನು ನೋಡಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು, “ಏನಂದ್ರಮ್ಮ?”

ನಾನು ಲೋಟ ತೆಗೆದುಕೊಂಡೆ.

“ಚೆನ್ನಾಗೈತೆ ಅಂದ್ರು” ಅಂದೆ.